ಎಡಗಡೆಯ ಸೀಟು

ಊರಿಂದ ಅನಿಲನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ರೈಲು ಹತ್ತಿದ ಮರುದಿನ, ಚೆಂಬೂರಿನ ಆ ಬಾಗಿಲಿಗೆ ಹಾಲಿನ ಪ್ಯಾಕೆಟ್ ಎಂದಿನಂತೆ ಬಂತು. ಅದನ್ನು ಕಾಯಿಸಬೇಕೆಂದು ನೆನಪಾಗಲು ಶಿವಕುಮಾರಿಗೆ ತುಂಬ ಹೊತ್ತು ಹಿಡಿಯಿತು.

ಅಷ್ಟರಲ್ಲಿ ವಾಚ್‌ಮನ್ ಬೆಲ್ ಒತ್ತಿದ. "ಮ್ಯಾಡಮ್, ಪಾನೀ ಕಾ ಟ್ಯಾಂಕರ್ ಆಯಾ ಹೈ. ಗಾಡಿ ಹಟಾನಾ ಪಡೇಗಾ."

ನೀರಿನ ಟ್ಯಾಂಕರಿಗೆ ದಾರಿ ಬಿಡಬೇಕಿದ್ದದ್ದು ಅವಳ ಗಂಡ ಅನಿಲ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಅವನು ಕುರ್ಲಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಎದೆ ಹಿಡಿದು ಕುಸಿದ ದಿನದಿಂದ ಅದು ನಿಂತಲ್ಲೇ ನಿಂತಿತ್ತು.

ಕೀ ಹಿಡಿದು ಇಳಿದಳು. ಸ್ಟೇರಿಂಗ್ ಮುಂದೆ ಕೂತಳು. ಕೈ ಏಳಲಿಲ್ಲ. ಭಾನುವಾರಗಳಲ್ಲಿ ಇದೇ ಅಂಗಳದಲ್ಲಿ ಅನಿಲ ಎಡಗಡೆ ಕೂತು, ಶಾಲೆ ಟೀಚರಾದ ಅವಳಿಗೆ ಡ್ರೈವಿಂಗ್ ಕಲಿಸುತ್ತಿದ್ದ.

"ಕಣ್ಣು ರೋಡಿನ ಮ್ಯಾಲ ಇರ್ಲಿ, ಟೀಚರಮ್ಮ."

"ನೀವ್ಯಾಕ ನನ್ನೇ ನೋಡ್ಲಿಕತ್ತೀರಿ?"

"ಕಲಿಸಾವ್ರಿಗೆ ಪರ್ಮಿಷನ್ ಅದ."

ಅವನ ನಗು ಮೊದಲು ಕಣ್ಣಿನ ಅಂಚಿಗೆ ಬರುತ್ತಿತ್ತು, ಆಮೇಲೆ ತುಟಿಗೆ. ಅದು ತುಟಿಗೆ ಇಳಿಯುವಷ್ಟರಲ್ಲಿ ಗಾಡಿ ಬಂದ್ ಬೀಳುತ್ತಿತ್ತು.

ಈ ಕಾರನ್ನು ಮಾರಿದ್ದ ಎರಡನೆಯ ಮಹಡಿಯ ಸುಕೇಶ್ ಕಿಟಕಿಯ ಬಳಿ ಬಂದ. "ಸ್ಟಾರ್ಟ್ ಮಾಡ್ಬೇಡಿ ಅಕ್ಕ. ಇನ್ಶೂರೆನ್ಸ್ ಇನ್ನೂ ನನ್ನ ಹೆಸರಲ್ಲೇ ಉಂಟು."

"ಅವ್ರು ಬದಲಿ ಮಾಡಿಸಿಲ್ಲೇನು?"

"ಆರ್‌ಸಿ, ಪಾಲಿಸಿ ಎರಡೂ ಬದಲಾಗ್ಲಿಲ್ಲ. ನಾನು ಎಷ್ಟು ಸಲ ಹೇಳಿದೆ ಮಾರಾಯ್ರೆ. 'ಅವಳ ಲೈಸೆನ್ಸ್ ಬರ್ಲಿ, ಎಲ್ಲಾ ಒಮ್ಮೆಲೇ ಅವಳ ಹೆಸರಿಗೇ ಮಾಡಿಸೋದು' ಅಂತ ಕೂತ್ರು."

ಟೆಸ್ಟನ್ನು ಮುಂದೂಡುತ್ತ ಬಂದವಳು ಅವಳೇ. ಪಾಸಾದರೆ ಅನಿಲ ಪಕ್ಕದಲ್ಲಿ ಕೂರುವುದನ್ನು ಬಿಟ್ಟಾನೆಂದು. ಅವನಿಗೆ ಇದನ್ನು ಹೇಳಿರಲಿಲ್ಲ.

"ಈಗ ನನ್ನ ಹೆಸರಿಗೆ ಆಗ್ತದೇನು? ಇದನ್ನ ಇಟ್ಕೋಬೇಕು ಅಂತ ಅದ ನನಗ."

"ಆಗ್ತದೆ. ನಾನು ಇವತ್ತೇ ಸಹಿ ಹಾಕ್ತೇನೆ. ಇನ್ಶೂರೆನ್ಸಿನವರು ಬಂದು ಗಾಡಿ ನೋಡಿ ಪಾಲಿಸಿ ಕೊಡ್ತಾರೆ." ಸುಕೇಶ್ ದನಿ ತಗ್ಗಿಸಿದ. "ಆದ್ರೆ ನಿಮ್ಮದು ಲರ್ನರ್ಸ್. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರ್ಬೇಕು. ಇಲ್ಲದಿದ್ರೆ ಏನಾದ್ರೂ ಆದಾಗ ಪಾಲಿಸಿ ಕೈ ಹಿಡಿಯೋದಿಲ್ಲ. ನಮ್ಮ ಹರಿಣಿ ಕೂತ್ಕೊಳ್ತಾಳೆ ಬಿಡಿ."

ಹರಿಣಿ ಅವನ ಹೆಂಡತಿ, ಒಳ್ಳೆಯವಳು. ಶಿವಕುಮಾರಿ ಎಡಗಡೆ ನೋಡಿದಳು. ಅನಿಲ ತನ್ನ ಉದ್ದ ಕಾಲುಗಳಿಗೆಂದು ಆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದ್ದ. ಹರಿಣಿ ಗಿಡ್ಡಿ. ಮುಂದಕ್ಕೆ ಎಳೆಯಬೇಕಾಗುತ್ತದೆ.

"ಬ್ಯಾಡ್ರಿ. ಗಾಡಿ ನೀವೇ ವಾಪಸ್ ಇಟ್ಕೋರಿ."

"ಅವಸರ ಮಾಡ್ಬೇಡಿ ಅಕ್ಕ."

"ಅಲ್ಲಿ ಬ್ಯಾರೆ ಯಾರರ ಕೂತ್ರ ನನಗ ಗೇರ್ ಹಾಕ್ಲಿಕ್ಕ ಆಗೂದಿಲ್ಲ."

ಟ್ಯಾಂಕರಿನವನು ಹಾರ್ನ್ ಹೊಡೆದ. ಅವಳು ಇಳಿದು ಕೀ ಕೊಟ್ಟಳು. ಆಮೇಲೆ ಗಾಡಿಯ ಹಿಂದೆ ಮುಂದೆ ಇದ್ದ ಕೆಂಪು 'ಎಲ್' ಬೋರ್ಡುಗಳನ್ನು ತೆಗೆದಳು. ಹರಿಣಿ ಕಲಿಯುವಾಗ ಬಳಸಿದ್ದ ಜೋಡಿ ಅದು, ಅನಿಲ ಕೇಳಿ ತಂದದ್ದು. ಬಾನೆಟ್ಟಿನ ಮೇಲಿನದು ಸುಲಭವಾಗಿ ಬಂತು. ಹಿಂದಿನದರ ಅಯಸ್ಕಾಂತ ಬಿಡಲಿಲ್ಲ, ಉಗುರು ಹಾಕಿ ಎಬ್ಬಿಸಬೇಕಾಯಿತು.

"ಅದು ಇರ್ಲಿ ಬಿಡಿ," ಎಂದ ಸುಕೇಶ್.

ಓಢಣಿಯಿಂದ ಧೂಳು ಒರೆಸಿ ಎರಡನ್ನೂ ಅವನ ಕೈಗಿಟ್ಟಳು.

"ಹರಿಣಿಗೆ ಕೊಡ್ರಿ. ನಾ ಪಾಸಾದ ಮ್ಯಾಲ ವಾಪಸ್ ಕೊಡ್ತೀನಿ ಅಂದಿದ್ರು ನಮ್ಮನಿಯವ್ರು. ಕೊಟ್ರು ಅಂತ ಹೇಳ್ರಿ."