ಸಾಸಿವೆಯ ಸಂಶಯ

ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದವನನ್ನು ಕಂಡು ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಇವನಾ...?

ಶನಿವಾರ ಮೂರು ಗಂಟೆ, ಗ್ರಂಥಾಲಯದ ಎದುರಿನ ಕಾಫಿ ಅಂಗಡಿ, ಕಿಟಕಿ ಪಕ್ಕದ ಮೇಜು. ಮಾತಾಗಿದ್ದು ಅದೇ. ಆದರೆ ಅಲ್ಲಿದ್ದವನು ಅಪರಿಚಿತನಲ್ಲ. ಅವಳ ಅಪ್ಪ ಪಾಸ್ಟರ್ ಆಗಿರುವ ಚರ್ಚಿನಲ್ಲಿ ಭಾನುವಾರ ಮೈಕು, ಸ್ಪೀಕರು ನೋಡಿಕೊಳ್ಳುವ ರಿಪೇರಿ ಅಂಗಡಿಯವನು. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಎಂಟು ತಿಂಗಳಿಂದ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಿದ್ದ. ಅವಳೊಂದಿಗೆ ಎರಡು ಮಾತೂ ಆಡಿರಲಿಲ್ಲ.

ಅವನು ಎದ್ದು ನಿಂತ. "ಸಾಸಿವೆ?" ಅಂದ ಮೆಲ್ಲಗೆ.

ಆ ಹೆಸರು ಗೊತ್ತಿದ್ದದ್ದು ಆನ್‌ಲೈನ್ ಗುಂಪಿನವರಿಗೆ ಮಾತ್ರ. ಚರ್ಚಿನಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಕ್ರೈಸ್ತರು ಅಡ್ಡಹೆಸರಿನಲ್ಲಿ ಕೇಳಿಕೊಳ್ಳುವ ಗುಂಪು ಅದು. ಅವಳು ಅಲ್ಲಿ ಸಾಸಿವೆ. ಅವಳ ಪ್ರಶ್ನೆಗಳಿಗೆ ಉಪದೇಶ ಕೊಡದೆ ಜೊತೆಗೆ ಯೋಚಿಸಿದವನು ತೋಮ ಎಂಬ ಅಡ್ಡಹೆಸರಿನವನೊಬ್ಬನೇ. ಕ್ರಮೇಣ ಇಬ್ಬರೂ ಗುಂಪು ಬಿಟ್ಟು ಪ್ರತ್ಯೇಕವಾಗಿ ಬರೆದುಕೊಳ್ಳತೊಡಗಿದ್ದರು. ಐದು ತಿಂಗಳಾಗಿತ್ತು, ಮುಖಾಮುಖಿ ಇದೇ ಮೊದಲು. ತೋಮನ ಸಂದೇಶ ಬಾರದ ದಿನ ಅವಳಿಗೆ ಅನ್ನ ರುಚಿಸುತ್ತಿರಲಿಲ್ಲ.

"ನಾನು ಯಾರು ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಅವಳು ಕೂರದೆಯೇ ಕೇಳಿದಳು.

"ಎರಡು ವಾರದಿಂದ ಅನುಮಾನ ಇತ್ತು. ಲ್ಯಾಬಲ್ಲಿ ಕಟ್ಟುಹಲ್ಲಿನ ಸೆಟ್ಟಿಗೆ ಮೇಣ ಕರಗಿಸೋ ವಿಷಯ ಬರೆದಿದ್ರಿ. ಆ ಕೆಲಸ ಮಾಡೋರು ನಮ್ಮ ಚರ್ಚಲ್ಲಿ ನೀವೊಬ್ರೇ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನೀವು ಬರೆಯೋದು ನಿಲ್ಲಿಸ್ತಿದ್ರಿ."

ನಿಜವೇ. ಆದರೆ ಆ ನಿಜವೇ ಅವಳನ್ನು ಹೆದರಿಸಿತು. ಎರಡು ವಾರ ಇವನು ನನ್ನನ್ನು ನೋಡುತ್ತಿದ್ದ, ನಾನು ಇವನನ್ನು ನೋಡುತ್ತಿರಲಿಲ್ಲ. ಇನ್ನೇನೇನು ಮುಚ್ಚಿಟ್ಟಿದ್ದಾನೋ...

ಅವನು ಕಾಫಿ ತರಿಸಿದ. ಒಂದು ಗಂಟೆ ಕೂತರು. ಅವನ ಮಾತು ಬರಹದಷ್ಟೇ ಮೃದುವಾಗಿತ್ತು. ಮನೆಗೆ ನಡೆಯುವಾಗ ಅವಳ ಮುಖದಲ್ಲಿ ನಗುವಿತ್ತು. ಆದರೂ ಎರಡು ಸಲ ಹಿಂತಿರುಗಿ ನೋಡಿದಳು.

ಬುಧವಾರ ಸಂಜೆ ಚರ್ಚಿನ ಹಿಂದಿನ ಕೋಣೆಗೆ ಕರೆ ಬಂತು.

ಚರ್ಚಿನ ಆಡಳಿತ ನೋಡುವ ಮೂವರು ಹಿರಿಯರು ಸಾಲಾಗಿ ಕೂತಿದ್ದರು. ಕೊನೆಯ ಕುರ್ಚಿಯಲ್ಲಿ ಅಪ್ಪ. ಮೂಲೆಯಲ್ಲಿ ಮೈಕಣ್ಣ ಯಾವುದೋ ವೈರು ಸುತ್ತುತ್ತಿದ್ದ. ನಿವೃತ್ತ ಹೆಡ್‌ಮಾಸ್ತರರಾದ ದೊಡ್ಡ ಹಿರಿಯರ ಕೈಯಲ್ಲಿ ಒಂದಿಷ್ಟು ಹಾಳೆಗಳಿದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಅಮ್ಮನ ಕೊನೆ ಮೂರು ತಿಂಗಳು ಅವಳ ಮೈ ತೊಳೆದ ನರ್ಸಮ್ಮ ನಮ್ಮ ಧರ್ಮದವರಲ್ಲ. ಅವರು ನರಕಕ್ಕೆ ಹೋಗ್ತಾರೆ ಅನ್ನೋದಾದ್ರೆ, ನನಗೆ ಆ ಸ್ವರ್ಗದಲ್ಲಿ ಏನು ಕೆಲಸ?"

ಅವಳು ಹಾಳೆಗಳನ್ನೇ ನೋಡಿದಳು. ಅದು ತೋಮನೊಬ್ಬನಿಗೇ ಬರೆದ ಮಾತು.

"ಇದು ನಿನ್ನದೇ ಏನಮ್ಮ?"

"ಹೌದು."

"ಸಂಡೇ ಸ್ಕೂಲಿನ ಮಕ್ಕಳಿಗೂ ಇದನ್ನೇ ಕಲಿಸ್ತೀಯೋ? ನಿನ್ನ ದಾರಿ ತಪ್ಪಿಸಿದ ಈ ತೋಮ ಯಾರು?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ.

ವೈರು ನೆಲಕ್ಕೆ ಬಿದ್ದ ಸದ್ದಾಯಿತು. "ನಾನೇ ತೋಮ," ಅಂದ ಮೈಕಣ್ಣ. "ಅವರ ದಾರಿ ಯಾರೂ ತಪ್ಪಿಸಿಲ್ಲ. ಆ ಪ್ರಶ್ನೆಗೆ ಉತ್ತರ ಇದ್ರೆ ಹೇಳಿ, ನಾನೂ ಕೇಳಿಸ್ಕೊಳ್ತೀನಿ."

ಅವನನ್ನು ಅಂದೇ ಕೆಲಸದಿಂದ ತೆಗೆದರು. ಅವಳ ಸಂಡೇ ಸ್ಕೂಲ್ ತರಗತಿ ಬೇರೆಯವರ ಪಾಲಾಯಿತು. ತಪ್ಪೊಪ್ಪಿಗೆ ಬರೆದುಕೊಡು ಎಂದು ಹಾಳೆಗಳ ಒಂದು ಪ್ರತಿಯನ್ನು ಅವಳ ಕೈಗಿತ್ತರು.

ಗೇಟಿನ ಬಳಿ ಅವನು ಕಾಯುತ್ತಿದ್ದ.

"ಚೆನ್ನಾಗಿ ನಾಟಕ ಆಡಿದ್ರಿ," ಅಂದಳು.

"ಏನು?"

"ಆ ಮಾತು ಗೊತ್ತಿದ್ದದ್ದು ಇಬ್ಬರಿಗೆ. ನಾನು ಕೊಟ್ಟಿಲ್ಲ. ಇನ್ನು ಉಳಿದವರು ಯಾರು? ಕರೆದಾಗ ಸರಿಯಾಗಿ ಅದೇ ಕೋಣೆಯಲ್ಲಿದ್ರಿ ಬೇರೆ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಮೈಕ್ ಕೆಟ್ಟಿದೆ ಅಂತ ಕರೆದಿದ್ರು... ನನ್ನನ್ನ ನಂಬಿ."

"ನಂಬಿದ್ದಕ್ಕೇ ಹೀಗಾಯ್ತು."

ಬಸ್ಸಿನಲ್ಲಿ ಕೂತೊಡನೆ ಅವನನ್ನು ಬ್ಲಾಕ್ ಮಾಡಿದಳು. ಆಮೇಲೆ ಇಳಿಯಬೇಕಾದ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ಹತ್ತು ದಿನ ಅವಳಿಗೆ ಎಲ್ಲರ ಮೇಲೂ ಗುಮಾನಿ. ಚರ್ಚಿನವರು ಕುಶಲ ಕೇಳಿದರೆ ಯಾಕೆ ಕೇಳಿದರು ಅನ್ನಿಸುತ್ತಿತ್ತು. ಗುಂಪಿನಲ್ಲಿ ಹೊಸಬರು ಯಾರಾದರೂ ಸೇರಿದರೆ ಯಾರ ಕಡೆಯವರೋ ಅನ್ನಿಸುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಯಾರೋ ಬಗ್ಗಿ ಕೇಳಿಸಿಕೊಳ್ಳುತ್ತಿರುವ ಹಾಗೆ. ಇಷ್ಟೆಲ್ಲದರ ನಡುವೆ ಬೆಳಗಾದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಎಂಥ ನಾಚಿಕೆಗೆಟ್ಟ ಕೈ!

ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಪ್ಲಾಸ್ಟರು ಒಣಗಲು ಬಿಟ್ಟು, ತಪ್ಪೊಪ್ಪಿಗೆ ಬರೆಯೋಣವೆಂದು ಸ್ಕ್ರೀನ್‌ಶಾಟ್ ಮುದ್ರಿಸಿದ್ದ ಆ ಹಾಳೆ ಬಿಡಿಸಿದಳು. ಹಲ್ಲಿನ ಕೆಲಸದಲ್ಲಿ ಎಡ ಬಲ ತಪ್ಪಿದರೆ ಇಡೀ ಸೆಟ್ಟು ಹಾಳು. ಆ ಅಭ್ಯಾಸದ ಕಣ್ಣು ಹಾಳೆಯ ಮೇಲೆ ನಿಂತುಬಿಟ್ಟಿತು.

ಅವಳ ಮಾತುಗಳೆಲ್ಲ ಬಲಗಡೆ ಇದ್ದವು. ತೋಮನವು ಎಡಗಡೆ.

ಫೋನು ತೆಗೆದು ನೋಡಿದಳು. ಬರೆದವರ ಮಾತು ಅವರವರ ಪರದೆಯಲ್ಲಿ ಬಲಗಡೆ ಬರುತ್ತದೆ. ಅವನ ಫೋನಿನಿಂದ ತೆಗೆದಿದ್ದರೆ ಅವಳ ಮಾತು ಎಡಗಡೆ ಇರಬೇಕಿತ್ತು. ಅಂದರೆ ಇದು ಅವನ ಪರದೆಯಲ್ಲ. ತನ್ನದು! ತನ್ನ ಖಾತೆ ಇರುವುದು ಎರಡೇ ಕಡೆ. ಈ ಫೋನಿನಲ್ಲಿ, ಮನೆಯ ಹಳೇ ಟ್ಯಾಬಿನಲ್ಲಿ. ಆ ಟ್ಯಾಬು ಮುಟ್ಟುವವರು...

ಅಪ್ಪ ಮನೆಯಲ್ಲಿ ನಾಳಿನ ಆರಾಧನೆಯಲ್ಲಿ ಹೇಳುವ ಪ್ರಸಂಗ ಬರೆಯುತ್ತಿದ್ದರು. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ಅವರು ಪೆನ್ನು ಕೆಳಗಿಟ್ಟರು.

"ಟಿಪ್ಪಣಿ ನೋಡೋಕೆ ಟ್ಯಾಬ್ ತೆಗೆದೆ. ನಿನ್ನ ಮಾತು ತೆರೆದಿತ್ತು. ಓದಬಾರದಿತ್ತು ಮಗಳೇ, ಓದಿಬಿಟ್ಟೆ."

"ಓದಿ ಅವರಿಗೆ ಕೊಟ್ರಾ ಅಪ್ಪಾ?"

"ನಿನ್ನ ಹೆಸರು ಹೇಳಿರಲಿಲ್ಲ. ಒಬ್ಬರು ಹೀಗೆ ಕೇಳ್ತಿದ್ದಾರೆ, ಏನು ಹೇಳಲಿ ಅಂತ ದೊಡ್ಡ ಹಿರಿಯರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ನರ್ಸಮ್ಮನ ಮಾತು ನೋಡಿ ಅವರು ಕಂಡುಹಿಡಿದುಬಿಟ್ರು."

"ನನ್ನನ್ನೇ ಕೇಳಬಹುದಿತ್ತಲ್ಲ?"

ಅಪ್ಪ ಹಾಳೆಯನ್ನು ಮಗುಚಿಟ್ಟರು. "ಏನಂತ ಕೇಳಲಿ? ನಿಮ್ಮಮ್ಮ ಹೋದಾಗಿನಿಂದ ಅದೇ ಪ್ರಶ್ನೆ ನನ್ನನ್ನೂ ತಿಂತಿದೆ. ಆ ದಿನ ಕೋಣೆಯಲ್ಲಿ ಆ ಹುಡುಗ ಎದ್ದು ನಿಂತ. ನಾನು ನಿನ್ನ ಅಪ್ಪ, ಕೂತೇ ಇದ್ದೆ."

ಅವಳು ಎದುರು ಕುರ್ಚಿಯಲ್ಲಿ ಕೂತಳು. ಸಿಟ್ಟು ಬರಲಿಲ್ಲ ಅಂತಲ್ಲ. ಬಂತು. ಆದರೆ ಅವರ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದು ಕಂಡು, ಅಮ್ಮನಿದ್ದರೆ ಸರಿಮಾಡುತ್ತಿದ್ದಳು ಎಂದು ನೆನಪಾಗಿ, ಇಬ್ಬರೂ ಅತ್ತರು.

ಮರುದಿನ ಅಪ್ಪ ಪ್ರಸಂಗಕ್ಕೆ ನಿಂತಾಗ ಮೈಕು ಕಿರ್ರೆಂದು ಕಿರುಚಿತು. ಅದನ್ನು ಪಕ್ಕಕ್ಕಿಟ್ಟು, ಬರೆದು ತಂದಿದ್ದ ಹಾಳೆಯನ್ನೂ ಮಡಚಿಟ್ಟರು.

"ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು. ಅದು ನನ್ನದೂ ಹೌದು. ಉತ್ತರ ನನಗೆ ಗೊತ್ತಿಲ್ಲ. ಯೇಸು ಮುಟ್ಟಿದವರಲ್ಲಿ ಎಷ್ಟೋ ಜನ ನಮ್ಮ ಲೆಕ್ಕದಲ್ಲಿ ಹೊರಗಿನವರು, ಅಷ್ಟು ಗೊತ್ತು."

ದೊಡ್ಡ ಹಿರಿಯರು ಎದ್ದು ಹೊರನಡೆದರು. ಅವರ ಹಿಂದೆ ಇನ್ನೂ ನಾಲ್ಕು ಜನ. ಉಳಿದವರು ಕೂತೇ ಇದ್ದರು.

ಆರಾಧನೆ ಮುಗಿದದ್ದೇ ತಡ, ಅವಳು ಸೀದಾ ಮೈಕಣ್ಣನ ರಿಪೇರಿ ಅಂಗಡಿಗೆ ಹೋದಳು. ಅರ್ಧ ಎಳೆದ ಷಟರಿನ ಒಳಗೆ ಅವನು ಒಡೆದ ಸ್ಪೀಕರಿಗೆ ಬೆಸುಗೆ ಹಾಕುತ್ತಿದ್ದ. ಅವಳನ್ನು ಕಂಡೂ ಕೈ ನಿಲ್ಲಿಸಲಿಲ್ಲ.

"ತಪ್ಪಾಯ್ತು," ಅಂದಳು. "ಅದು ನಿಮ್ಮ ಕೆಲಸ ಅಲ್ಲ ಅಂತ ಗೊತ್ತಾಯ್ತು."

"ಹೇಗೆ ಗೊತ್ತಾಯ್ತು?"

ಹೇಳಿದಳು. ಹಾಳೆ, ಎಡ ಬಲ, ಟ್ಯಾಬು, ಅಪ್ಪ. ಅವನು ಸ್ಪೀಕರಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡ.

"ಅಂದ್ರೆ ಸಾಕ್ಷಿ ಸಿಕ್ಕ ಮೇಲೆ ಬಂದ್ರಿ."

ಆ ಮಾತು ಚುರುಕ್ಕೆಂದಿತು. ಸುಳ್ಳು ಹೇಳಬಹುದಿತ್ತು. "ಹೌದು," ಅಂದಳು. "ಆದ್ರೆ ನೀವೇ ಮಾಡಿದ್ದು ಅಂತ ನಂಬಿದ್ದಾಗಲೂ ದಿನಾ ನಿಮ್ಮ ಸಂದೇಶಕ್ಕೆ ಕಾಯ್ತಿದ್ದೆ. ಬ್ಲಾಕ್ ಮಾಡಿ ಕಾಯೋ ಹುಚ್ಚಿ ನಾನು."

ಅವನ ತುಟಿಯಂಚು ಸಡಿಲವಾಯಿತು. ಬೆಸುಗೆ ಕಡ್ಡಿ ಕೆಳಗಿಟ್ಟ.

"ಅಪ್ಪ ಇವತ್ತು ಎಲ್ಲರ ಮುಂದೆ ಹೇಳಿದ್ರು. ಮೈಕ್ ಇಲ್ಲದೆ."

"ಹಿಂದಿನ ಸಾಲಿಗೆ ಕೇಳಿಸ್ತಾ?"

"ಕೇಳಿಸ್ತು. ಹಿಂದಿನ ಗೋಡೆ ಮಾತ್ರ ಖಾಲಿ ಇತ್ತು."

ಅವನು ಸ್ಟೂಲು ಒರೆಸಿ ಅವಳ ಕಡೆ ತಳ್ಳಿದ. "ನನಗೆ ತುಂಬಾ ನೋವಾಯ್ತು. ಅದು ಇವತ್ತೇ ಹೋಗಲ್ಲ. ಆದ್ರೂ ಹತ್ತು ದಿನದಿಂದ ನಿಮಗೆ ಬರೆದು ಬರೆದು ಇಟ್ಟಿದ್ದೀನಿ. ಕಳಿಸೋಕೆ ದಾರಿ ಇರಲಿಲ್ಲ. ನಿಮ್ಮ ಮೇಲೆ ನನಗಿರೋದು ಬರೀ ಸ್ನೇಹ ಅಲ್ಲ ಅಂತ ಅದನ್ನ ಓದಿದ್ರೆ ಗೊತ್ತಾಗುತ್ತೆ."

ಅವಳ ಕಣ್ಣು ತುಂಬಿತು. "ನನಗೂ ಅಲ್ಲ... ಆದ್ರೆ ನಾನು ಮತ್ತೆ ಅನುಮಾನ ಪಡ್ತೀನಿ. ನನ್ನ ಸ್ವಭಾವ."

"ಪಡಿ. ಬ್ಲಾಕ್ ಮಾಡೋಕೆ ಮೊದಲು ನನ್ನನ್ನ ಕೇಳಿ, ಸಾಕು."

"ಕೇಳ್ತೀನಿ."

"ಈಗ ಏನಾದ್ರೂ ಕೇಳೋದಿದ್ಯಾ?"

ಅವಳು ಅವನ ಮಸಿ ಹತ್ತಿದ ಬೆರಳುಗಳ ಮೇಲೆ ಕೈಯಿಟ್ಟಳು.

"ಊಟ ಆಯ್ತಾ?"

"ಇಲ್ಲ."

"ಹಾಗಾದ್ರೆ ಮನೆಗೆ ಬನ್ನಿ. ಅಪ್ಪ ತಟ್ಟೆ ಮುಂದೆ ಕೂತು ಕಾಯ್ತಿರ್ತಾರೆ."