ಧನುಷನ ಮುಲಾಮಿನ ಡಬ್ಬಿ

ದೆಹಲಿಯ ಮುನಿರ್ಕಾದ ಕನ್ನಡದವರ ಮನೆಗಳಲ್ಲಿ ಅಡುಗೆ ಮಾಡುವ ಶಾಂತಮ್ಮ ಆ ಭಾನುವಾರ ಬಾಗಿಲಲ್ಲೇ ನಿಂತುಬಿಟ್ಟಾಗ, ಕೆಳಮನೆಯಲ್ಲಿ ಬಾಡಿಗೆಗಿದ್ದ ವಾಸಂತಿಗೆ ಏನೋ ಎಡವಟ್ಟಾಗಿದೆ ಎನಿಸಿತು. ಮೇಲಿನ ಮಹಡಿಯ ಧನುಷನ ಸೊಂಟಕ್ಕೆ ಹುಳುಕಡ್ಡಿ ಎದ್ದಿತ್ತು. ಅದು ಶಾಂತಮ್ಮನ ಕೈಯಿಂದಲೇ ಅಂಟಿತೆಂದು ಅವನು ಅವಳನ್ನು ಕೆಲಸದಿಂದ ಬಿಡಿಸಿದ್ದಲ್ಲದೆ, ಇನ್ನೂ ಮೂರು ಮನೆಗಳಿಗೆ ಸುದ್ದಿ ಮುಟ್ಟಿಸಿದ್ದ. ಅವರೂ ಬೇಡವೆಂದಿದ್ದರು. ನಾಲ್ಕೂ ಮನೆ ತಪ್ಪಿದರೆ ಅವಳು ದೆಹಲಿಯನ್ನೇ ಬಿಡಬೇಕಿತ್ತು.

ವಾಸಂತಿಯ ಮನೆಯೊಡತಿ ಬೋಜಮ್ಮ ಮಿಲಿಟರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಆ ಗಲ್ಲಿಯಲ್ಲಿ ಏನು ಕಳೆದರೂ, ಯಾರು ಜಗಳವಾಡಿದರೂ ಪೊಲೀಸರಿಗಿಂತ ಮೊದಲು ದೂರು ಅವರಿಗೇ ಬರುತ್ತಿತ್ತು. ಅವರು ಶಾಂತಮ್ಮನ ಬೆರಳು, ಉಗುರು, ಮೊಣಕೈಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಎಲ್ಲೂ ಕಲೆಯಿಲ್ಲವೆಂದು ಖಚಿತವಾದ ಮೇಲೆ ಅವಳನ್ನೂ ವಾಸಂತಿಯನ್ನೂ ಕರೆದುಕೊಂಡು ಮಹಡಿ ಹತ್ತಿದರು.

ಮೇಲೆ ಇದ್ದವರು ಮೂವರು. ಚಂದ್ರಮೋಹನ ಜಿಮ್ಮಿನ ಒದ್ದೆ ಟವೆಲನ್ನು ಎಲ್ಲರ ಬಟ್ಟೆಯ ಮೇಲೂ ಎಸೆಯುವವನು. ರೋಗ ಹರಡಿದ್ದು ಇವನೇ ಎಂದು ವಾಸಂತಿ ಮನಸ್ಸಿನಲ್ಲೇ ಅವನಿಗೆ ಶಿಕ್ಷೆ ವಿಧಿಸಿಬಿಟ್ಟಳು. ಮುಂದಿನ ತಿಂಗಳು ನಿಶ್ಚಿತಾರ್ಥವಿದ್ದ ಗಗನ್, ಬಿಸಿಲು ತಾಗಿದರೆ ಮುಖ ಉರಿಯುತ್ತದೆಂದು ಕಿಟಕಿಯಿಂದ ದೂರ ಕುಳಿತಿದ್ದ. ಬಿಳುಪೇರಿದ ಅವನ ಕೆನ್ನೆಯಲ್ಲಿ ಕೆಂಪು ನರಗಳು ಕಾಣುತ್ತಿದ್ದವು. ಇನ್ನು ಧನುಷನ ಕತೆ. ಡಾಕ್ಟರು ನಾಲ್ಕು ವಾರ ಮುಲಾಮು ಹಚ್ಚಲು ಹೇಳಿದ್ದರು. ಎರಡೇ ವಾರಕ್ಕೆ ಕಲೆ ಮಾಯವಾದದ್ದರಿಂದ, ವಾಸಿಯಾಯಿತೆಂದು ಎಲ್ಲರಿಗೂ ಸಾರಿ ನಿಲ್ಲಿಸಿಬಿಟ್ಟಿದ್ದ. ತಿಂಗಳ ನಂತರ ಅದು ಮತ್ತೆ ಕಾಣಿಸಿದಾಗ ಅದೇ ಡಬ್ಬಿಯಿಂದ ತೆಗೆದು ಹಚ್ಚಿದ. ಎರಡು ದಿನದಲ್ಲಿ ಕೆರೆತ ನಿಂತಿತು, ಆಮೇಲೆ ಸೊಂಟದ ಸುತ್ತ ಹಬ್ಬಿತು.

ಬೋಜಮ್ಮ ಡಬ್ಬಿ ತರಿಸಿ, ಕನ್ನಡಕ ಹಾಕಿಕೊಂಡು ಒಳಗಿನ ಟ್ಯೂಬನ್ನು ಅಕ್ಷರ ಬಿಡದೆ ಓದಿದರು. ಬಳಿಕ ಎಲ್ಲರನ್ನೂ ಎದುರು ಕೂರಿಸಿಕೊಂಡರು.

"ರೋಗ ಹೊಸದಾಗಿ ಯಾರಿಂದಲೂ ಬಂದಿಲ್ಲ ಧನುಷ್, ಹೋಗೇ ಇರಲಿಲ್ಲ. ಕಲೆ ಮಾಯವಾದರೂ ಫಂಗಸ್ ಚರ್ಮದಲ್ಲೇ ಇರುತ್ತೆ, ಅದಕ್ಕೇ ನಾಲ್ಕು ವಾರ ಅಂದಿದ್ದು. ಡಬ್ಬಿ ಡಾಕ್ಟರು ಬರೆದದ್ದೇ, ಆದರೆ ಒಳಗಿರೋ ಟ್ಯೂಬ್ ಬೇರೆ. ಇದರಲ್ಲಿ ಸ್ಟೀರಾಯ್ಡ್ ಇದೆ. ಅದು ಕೆರೆತ ಅಡಗಿಸಿ ಫಂಗಸ್ಸಿಗೆ ದಾರಿ ಬಿಡುತ್ತೆ. ಬೆಳ್ಳಗಾಗೋಕೆ ಇದನ್ನೇ ಮುಖಕ್ಕೆ ಹಚ್ಚೋರೂ ಇದ್ದಾರೆ. ಅವರ ಚರ್ಮ ತೆಳುವಾಗಿ, ಬಿಸಿಲು ತಡೆಯೋಲ್ಲ."

ಎಲ್ಲರೂ ಗಗನ್‌ನತ್ತ ತಿರುಗಿದರು. ಅವನು ತಲೆ ತಗ್ಗಿಸಿಯೇ ಒಪ್ಪಿಕೊಂಡ. ಗೆಳೆಯರು ಕಾಲೆಳೆದಾರೆಂದು, ಯಾರೂ ಮುಟ್ಟದ ಹುಳುಕಡ್ಡಿಯ ಡಬ್ಬಿಯಲ್ಲಿ ತನ್ನ ಟ್ಯೂಬನ್ನು ಬಚ್ಚಿಟ್ಟು, ಹಳೆಯದನ್ನು ಎಸೆದಿದ್ದನಂತೆ. ಟ್ಯೂಬ್ ಬೇಗ ಬೇಗ ಸವೆಯುತ್ತಿದ್ದಾಗ, ಚಂದ್ರಮೋಹನನೂ ಕದ್ದು ಬೆಳ್ಳಗಾಗುತ್ತಿದ್ದಾನೆ ಅಂದುಕೊಂಡನಂತೆ. ವಾಸಂತಿಗೆ ನಗು ತಡೆಯುವುದೇ ಕಷ್ಟವಾಯಿತು.

ಧನುಷ್, ಗಗನ್ ಇಬ್ಬರೂ ನಾಳೆಯೇ ಚರ್ಮದ ಡಾಕ್ಟರನ್ನು ಕಾಣಬೇಕು, ಔಷಧಿ ಅಂಗಡಿಯವನ ಮಾತು ಕೇಳಿ ಇನ್ನೊಂದು ಟ್ಯೂಬ್ ಕೊಳ್ಳಕೂಡದು ಎಂದು ಬೋಜಮ್ಮ ತಾಕೀತು ಮಾಡಿದರು. ಟವೆಲುಗಳೂ ಬೇರೆಯಾಗಬೇಕೆಂದಾಗ ಚಂದ್ರಮೋಹನ ತಲೆಯಾಡಿಸಿದ.

ಧನುಷ್ ಎದ್ದು ಬಂದು, ನಾಳೆಯಿಂದ ಮತ್ತೆ ಅಡುಗೆಗೆ ಬರಬೇಕೆಂದು ಶಾಂತಮ್ಮನನ್ನು ಕೇಳಿಕೊಂಡ. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

"ಬರ್ತೀನಪ್ಪಾ," ಎಂದಳು ಅವಳು. "ಆ ಮೂರು ಮನೆಗೆ ಮೊದಲು ಹೋಗಿ ಬಾ. ನನಗೆ ರೋಗ ಅಂತ ಹೇಳಿದ ಬಾಯಲ್ಲೇ, ಇಲ್ಲ ಅಂತಲೂ ಹೇಳು. ನಾನೂ ಜೊತೆಗೆ ಬಂದು ನಿಂತ್ಕೊಂಡು ಕೇಳ್ತೀನಿ."

ಧನುಷ್ ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲಿಳಿಯುವಾಗ ಶಾಂತಮ್ಮ ಮುಂದಿದ್ದಳು.