ಹೆಸರು ಬರೆಯಬಾರದ ಫಾರಂ

ನನ್ನ ಪ್ರಶ್ನಾವಳಿಯಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಮೊದಲ ಗಂಡಸು ಅವನು. ಕಳೆದ ವರ್ಷ, ಅವನ ಶಾಲೆಯ ಸ್ಟಾಫ್ ರೂಮಿನಲ್ಲಿ.

"ಒಂದರಿಂದ ಐದು ದಿನ, ಐದರಿಂದ ಹತ್ತು ದಿನ ಅಂತ ಹಾಕಿದ್ದೀರಲ್ಲ ಮೇಡಂ, ಸರಿಯಾಗಿ ಐದು ದಿನ ಸಿಗರೇಟು ಸೇದಿದೋನು ಎಲ್ಲಿ ಟಿಕ್ ಹಾಕ್ಬೇಕು?"

"ಆರನೇ ದಿನಾನೂ ಸೇದಿ ಆಮೇಲೆ ಹಾಕ್ಲಿ ಬಿಡಿ," ಎಂದೆ ಸಿಟ್ಟಿನಿಂದ.

ಅವನು ಗಣಿತದ ಮೇಷ್ಟ್ರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ ನಕ್ಕ. "ಅರ್ಧ ಅಂಕ ಕಳೀತೀನಿ."

ಆ ನೋಟಕ್ಕೆ ನನ್ನ ಕಿವಿ ಬಿಸಿಯಾಯಿತು. ನಾನು ಅರ್ಥಶಾಸ್ತ್ರದವಳು, ಅಷ್ಟು ಸುಲಭಕ್ಕೆ ಕರಗುವವಳಲ್ಲ. ಆದರೂ ಎರಡೇ ತಿಂಗಳಲ್ಲಿ ಅವನ ಜೊತೆ ಕಾಫಿಗೆ ಹೋಗದ ಶನಿವಾರವೇ ಇಲ್ಲವಾಯಿತು.

ನನ್ನ ಕೆಲಸ ಇದು: ಕುಡಿತಕ್ಕೋ ಮಾತ್ರೆಗೋ ದಾಸರಾದ ವಿದ್ಯಾರ್ಥಿಗಳನ್ನು, ಶಿಕ್ಷಕರನ್ನು ಶಾಲೆಯಿಂದ ಹೊರಗೆ ಹಾಕಿದರೆ ಒಳ್ಳೆಯದೋ, ಚಿಕಿತ್ಸೆಗೆ ಕಳಿಸಿದರೆ ಒಳ್ಳೆಯದೋ ಎಂದು ಅಧ್ಯಯನ ಮಾಡಿ ಸರಕಾರಕ್ಕೆ ಹೇಳುವುದು. ಫಾರಂನಲ್ಲಿ ಯಾರೂ ಹೆಸರು ಬರೆಯಬಾರದು. ಯಾವ ಉತ್ತರ ಯಾರದೆಂದು ನಾವು ಹುಡುಕುವುದಿಲ್ಲ ಎಂಬ ಮಾತಿನ ಕೆಳಗೆ, ಮೊದಲ ಪುಟದಲ್ಲೇ, ನನ್ನ ಸಹಿ ಇರುತ್ತದೆ.

ಕಳೆದ ಶನಿವಾರ ಅವನು ಕಾಫಿ ಕಪ್ಪು ಕೆಳಗಿಟ್ಟು, "ಮದುವೆ ಆಗೋಣ್ವಾ?" ಎಂದ. "ಒಂದು ವಾರ ಕೊಡಿ," ಎಂದೆ. ಸತಾಯಿಸಲೆಂದೇ ಹಾಗಂದೆ, ಹೂಂ ಎನ್ನುವುದು ಆಗಲೇ ನಾಲಿಗೆಯ ತುದಿಯಲ್ಲಿತ್ತು.

ಸೋಮವಾರ ಶಿಕ್ಷಕರು ತುಂಬಿದ ಫಾರಂಗಳ ಕಟ್ಟು ಬಿಚ್ಚಿದೆ. ನನ್ನ ಸಹಾಯಕಿ ಹಳೆಯ ಫೈಲನ್ನೇ ಪ್ರಿಂಟ್ ಹಾಕಿಸಿದ್ದಳು, ಅದೇ ತಪ್ಪು ಮತ್ತೆ. ನಲವತ್ತೊಂದನೆಯ ಫಾರಂನಲ್ಲಿ ಅದಕ್ಕೆ ಕೆಂಪು ಸುತ್ತು ಬಿದ್ದಿತ್ತು. ಪಕ್ಕದಲ್ಲಿ 'ಅರ್ಧ ಅಂಕ ಕಡಿತ' ಎಂದು ಬರೆದಿತ್ತು. ಅಯ್ಯೋ, ಈ ಮನುಷ್ಯನ ಕೈ ಸುಮ್ಮನೆ ಇರುವುದಿಲ್ಲವಲ್ಲ ಎಂದು ನಕ್ಕೆ.

ಅಷ್ಟಕ್ಕೇ ಮಡಿಚಿಡಬೇಕಿತ್ತು. ಕಣ್ಣು ಕೆಳಗೆ ಜಾರಿತು. ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಕುಡಿದಿರಿ? ಇಪ್ಪತ್ತಾರು. ಒಬ್ಬರೇ ಕುಡಿಯುತ್ತೀರಾ? ಹೌದು. ಹತ್ತಿರದವರಿಗೆ ಗೊತ್ತೇ? ಇಲ್ಲ.

ನನ್ನಪ್ಪ ಕುಡಿದು ಕುಡಿದೇ ಹೋದವರು. ಗೇಟಿನ ಸದ್ದಾದರೆ ಸಾಕು, ಇವತ್ತು ಯಾವ ಮುಖ ಹೊತ್ತು ಬಂದರೋ ಎಂದು ನಾನೂ ಅಮ್ಮನೂ ಉಸಿರು ಬಿಗಿಹಿಡಿಯುತ್ತಿದ್ದೆವು. ಅಂಥ ಮನೆಗೆ ಮತ್ತೆ ನಾನಾಗಿಯೇ ಕಾಲಿಡುವುದೇ? ಬೇಡ ಅನ್ನೋಣವೆಂದರೆ ಅವನ ಮುಖ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಕೇಳಿಯೇ ಬಿಡೋಣವೆಂದರೆ ನನ್ನದೇ ಸಹಿ ಅಡ್ಡ. ನಾಲ್ಕು ದಿನ ಅವನ ಫೋನ್ ಎತ್ತಲಿಲ್ಲ. ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅವನೇ ನನ್ನ ಆಫೀಸಿಗೆ ಬಂದ.

"ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ ಮೇಡಂ. ಹೀಗೆ ಜೀವ ತೆಗೀಬೇಡಿ."

"ತಪ್ಪು ನಂದು ಮೇಷ್ಟ್ರೇ. ನಿಮ್ಮ ಫಾರಂ ಯಾವುದು ಅಂತ ಗೊತ್ತಾಗೋಯ್ತು. ಕೆಂಪು ಶಾಯಿ ನೋಡಿ. ಮುಂದಕ್ಕೆ ಓದ್ಬಾರ್ದಿತ್ತು, ಓದ್ಬಿಟ್ಟೆ. ಯಾರಿಗೂ ಹೇಳಿಲ್ಲ. ಈ ಅಧ್ಯಯನದಿಂದ ಹೊರಗೆ ಹೋಗ್ತೀನಿ ಅಂತ ನಿನ್ನೆ ಬರ್ದು ಕೊಟ್ಟೆ."

ಅವನ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಡಿದುಕೊಂಡು ಕೂತ.

"ಯಾರೋ ಕಂಪ್ಯೂಟರ್‌ಗೆ ಹಾಕೋರು ನೋಡ್ತಾರೆ ಅಂದ್ಕೊಂಡಿದ್ದೆ. ನಿಮ್ಮ ಮುಂದೆ ಬಾಯೇ ಬರ್ಲಿಲ್ಲ. ಕಾಗದಕ್ಕಾದ್ರೂ ಒಂದ್ಸಲ ನಿಜ ಹೇಳೋಣ ಅನ್ನಿಸ್ತು."

"ಮೂವತ್ತರಲ್ಲಿ ಉಳಿದ ನಾಲ್ಕು ದಿನ ಯಾಕೆ ಕುಡೀಲಿಲ್ಲ?"

"ಶನಿವಾರಗಳು," ಎಂದ. "ನಿಮ್ಮನ್ನ ನೋಡೋ ದಿನ ಮುಟ್ಟಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ನೀವಂದ್ರೆ ನಂಗೆ ಪ್ರಾಣ. ಆದ್ರೆ ತುಂಬಾ ಭಯ ಆಗುತ್ತೆ."

"ನಂಗೂ," ಎಂದ ಅವನು. "ಒಬ್ನೇ ಬಿಡೋಕೆ ಮೂರು ಸಲ ನೋಡ್ದೆ. ಆಗ್ಲಿಲ್ಲ."

ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರ ಅಲ್ಲಿಂದ ಎರಡು ಬೀದಿ ಆಚೆ. ನಡೆದೇ ಹೋದೆವು. ಮೆಟ್ಟಿಲ ಮೇಲೆ ಅವನು ಎರಡು ಸಲ ನಿಂತ. ನಾನು ಎಳೆಯಲಿಲ್ಲ, ಪಕ್ಕದಲ್ಲಿ ನಿಂತೆ. ಎಷ್ಟು ಜನ ಬಿಡುತ್ತಾರೆ, ಬಿಟ್ಟವರಲ್ಲಿ ಎಷ್ಟು ಜನ ಮತ್ತೆ ಹಿಡಿಯುತ್ತಾರೆ ಎಂಬುದು ನನಗೆ ಬಾಯಿಪಾಠ. ಇವನೊಬ್ಬನ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಕೌಂಟರಿನ ನರ್ಸ್ ಅವನ ವಿವರ ಬರೆದುಕೊಂಡು ನನ್ನತ್ತ ತಿರುಗಿದಳು. "ಇವರಿಗೆ ನೀವೇನಾಗ್ಬೇಕು?"

"ಪರಿಚಯದವ್ರು, ಅಷ್ಟೇ," ಎಂದು ಅವನೇ ಹೇಳಿದ. ನನ್ನನ್ನು ಬಿಟ್ಟುಕೊಡಲು ಸಿದ್ಧನಾಗಿ ನೆಲ ನೋಡುತ್ತಿದ್ದ.

ನಾನು ಕೌಂಟರಿನ ಹತ್ತಿರ ಸರಿದೆ.

"ಅಲ್ಲ," ಎಂದೆ. "ಇವರನ್ನ ಮದುವೆ ಆಗೋಳು. ಹಾಗಂತ ಬರ್ಕೊಳ್ಳಿ."